ಸುಣ್ಣಕಟ್ಟು ಹಿಡಿದ ಚಿನ್ನದ ಮೀನು

ಶಿಡ್ಲಘಟ್ಟದಲ್ಲಿ ಆ ಕಾಲಕ್ಕೆ "ಆವಲಪ್ಪ ಟಿ.ಬಿ.ಲಿದ್ದಾನೆ" ಎಂದು ಯಾರಾದರೂ ಅಂದರೆ ಊರಿಗೆ ಹೊಸಬರು ಅಯ್ಯೋ ಪಾಪ ಎನ್ನುತ್ತಿದ್ದರು. ಟಿ.ಬಿ. ಎಂದರೆ ಟ್ರಾವೆಲರ್ಸ್ ಬಂಗಲೆ. ಆವಲಪ್ಪ ಅಲ್ಲಿಯ ಮೇಟಿ. ಬೀಗದ ಕೈ ಅವನ ಸೊಂಟದಲ್ಲಿ, ಅಡುಗೆ ಅವನ ಪಾಲಿಗೆ, ಬಂದ ಸಾಹೇಬರ ಬೈಗುಳವೂ ಅವನ ತಲೆಗೆ. ಸಾಹೇಬರು ತಿಂಗಳಲ್ಲಿ ನಾಲ್ಕಾರು ದಿನ ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಆ ದೊಡ್ಡ ಕಾಂಪೌಂಡಿನೊಳಗೆ ಅವನು, ಹೊಂಗೆ ಮರಗಳು, ಬೆಳಗಿನ ಹೊತ್ತು ಗುಡಿಸಲು ಬರುವ ಮುನಿಗಂಗಮ್ಮ, ಇಷ್ಟೇ.

ನಾನು ಐವತ್ತಾರನೇ ಇಸವಿಯಲ್ಲಿ ಅಲ್ಲಿಯ ಮಿಡ್ಲ್ ಸ್ಕೂಲಿಗೆ ಮೇಷ್ಟ್ರಾಗಿ ಹೋದೆ. ಬಂಗಲೆಯ ಗೇಟಿನ ಎದುರಿಗೇ ನನ್ನ ಬಾಡಿಗೆ ಕೋಣೆ. ಕಿಟಕಿ ತೆಗೆದರೆ ಬಂಗಲೆಯ ಜಗಲಿ ಕಾಣುತ್ತಿತ್ತು, ಮುಚ್ಚಿದರೆ ಸೆಕೆ. ನಾನು ಕಂಡದ್ದಕ್ಕೆಲ್ಲ ಆ ಸೆಕೆಯೇ ಕಾರಣ ಎಂದು ಮೊದಲೇ ಹೇಳಿಬಿಡುತ್ತೇನೆ. ಕಾಣದೆ ಹೋದದ್ದನ್ನು ಆವಲಪ್ಪನೇ ಒಂದು ದಿನ ಬಾಯಿಬಿಟ್ಟು ಹೇಳಿದ. ಊರವರು ಹೇಳಿದ್ದನ್ನು ಮಾತ್ರ ಇಲ್ಲಿ ಸೇರಿಸಿಲ್ಲ. ಊರ ಬಾಯಿಗೆ ಹೊಲಿಗೆ ಹಾಕುವವರಿಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ.

ಆವಲಪ್ಪ ಕೆಂಚಾರ್ಲಹಳ್ಳಿಯ ಕಡೆಯವನು. ಒಕ್ಕಲು ಮನೆತನ. ಹೊಲ, ಬಾವಿ, ಹಿಪ್ಪುನೇರಳೆ ತೋಟ, ಮೇಲೊಬ್ಬ ಅಣ್ಣ ರಾಮಾಂಜಿನಪ್ಪ. ಆ ಸೀಮೆಯಲ್ಲಿ ರೇಷ್ಮೆ ಹುಳು ಸಾಕುವ ಕೋಣೆ ದೇವರ ಕೋಣೆಗಿಂತ ಒಂದು ಕೈ ಮೇಲು. ಸೂತಕದವರು ಒಳಗೆ ಕಾಲಿಡುವಂತಿಲ್ಲ, ಮುಟ್ಟಾದವರು ಇಣುಕುವಂತಿಲ್ಲ, ಹೊರಗಿನವರ ಕಣ್ಣು ಹುಳುವಿನ ತಟ್ಟೆಯ ಮೇಲೆ ಬೀಳುವಂತಿಲ್ಲ. ಇಷ್ಟು ಮಡಿಯಿದ್ದರೂ ಒಂದು ವರ್ಷ ಆ ಮನೆಗೆ ಸುಣ್ಣಕಟ್ಟು ಹೊಕ್ಕಿತು. ಹುಳು ಸತ್ತು ಸೆಟೆದು ಬಳಪದ ಕಡ್ಡಿಯಂತೆ ಬೆಳ್ಳಗಾಗುವ ರೋಗ ಅದು. ಮೈಮೇಲಿನ ಬಿಳಿ ಪುಡಿ ಗಾಳಿಗೆ ಹಾರಿ ಪಕ್ಕದ ತಟ್ಟೆಗೆ ಬಿದ್ದರೆ ಬೆಳೆಯೆಲ್ಲ ಹೋದ ಹಾಗೇ. ಅದಕ್ಕೆ ಮದ್ದು ಎಂಬುದಿಲ್ಲ. ಬಿಳುಪು ಕಂಡದ್ದನ್ನು ಆರಿಸಿ ತೆಗೆದು, ದೂರ ಒಯ್ದು ಹೂತು, ಮೇಲೆ ಸುಣ್ಣ ಚೆಲ್ಲಿ ಬರಬೇಕು. ಅದೇ ಮದ್ದು.

ಮುಂದಿನ ಬೆಳೆಗೂ ಸುಣ್ಣಕಟ್ಟು ಬಂತು. ಎರಡು ಸಲವೂ ಸೊಪ್ಪು ಹಾಕಿ ಸಾಕಿದವನು ಆವಲಪ್ಪ. ರಾಮಾಂಜಿನಪ್ಪ ಯೋಚನೆ ಮಾಡಿ, ಮನೆಮಾತಾದ ತೆಲುಗಿನಲ್ಲಿ, "ನೀ ಚೇಯಿ ಮಂಚಿದಿ ಕಾದುರಾ" ಎಂದನಂತೆ. ನಿನ್ನ ಕೈ ಒಳ್ಳೆಯದಲ್ಲ ಕಣೋ ಎಂದು. ಅಲ್ಲಿಂದಾಚೆಗೆ ಅವನು ಹುಳುವಿನ ಕೋಣೆಗೆ ಹೋಗುವಂತಿರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಮಾತಿಗೆ ಕಾಲು ಬಂದು ಅದು ಸುತ್ತಲ ಹಳ್ಳಿಗಳಿಗೆಲ್ಲ ನಡೆಯಿತು. ಹೆಣ್ಣು ಕೇಳಲು ಹೋದ ಕಡೆಯಲ್ಲೆಲ್ಲ, ಹುಳು ಉಳಿಯದ ಕೈಯಲ್ಲಿ ಹೆಣ್ಣು ಉಳಿದೀತೇ ಎಂದರು. ತನ್ನ ಮನೆಯಲ್ಲೇ ಹೊರಗಿನವನಾಗಿ ಜಗಲಿಯಲ್ಲಿ ಕೂತು ಉಣ್ಣುವುದು ಅವನಿಗೆ ಸಾಕಾಯಿತು. ಯಾರದೋ ಶಿಫಾರಸು ಹಿಡಿದು ಬಂಗಲೆಯ ಕೆಲಸಕ್ಕೆ ಸೇರಿದ. ನಾನು ಅವನನ್ನು ಕಂಡಾಗ ವಯಸ್ಸು ನಲವತ್ತರ ಹತ್ತಿರ. ಮಾತು ಕಡಿಮೆ, ಕೆಲಸ ಚೊಕ್ಕಟ, ಎದುರಿಗೆ ಬಂದವರಿಗೆ ಪಕ್ಕಕ್ಕೆ ಸರಿದು ದಾರಿ ಬಿಡುವ ಅಭ್ಯಾಸ.

ಮೀನು ಬಂದದ್ದು ಒಬ್ಬ ರಸ್ತೆ ಇಂಜಿನಿಯರಿಂದ. ಆತ ಚಿಂತಾಮಣಿ ರಸ್ತೆಯ ಕೆಲಸ ಮುಗಿಯುವವರೆಗೆ ಹೆಂಡತಿಯ ಜೊತೆ ಬಂಗಲೆಯಲ್ಲೇ ಇದ್ದ. ಆಕೆಗೆ ಬೇಜಾರು ಕಳೆಯಲೆಂದು ಬೆಂಗಳೂರಿನಿಂದ ಒಂದು ಗಾಜಿನ ತೊಟ್ಟಿಯನ್ನೂ ಮೂರು ಚಿನ್ನದ ಮೀನನ್ನೂ ತರಿಸಿಕೊಟ್ಟ. ವರ್ಗವಾದಾಗ ಕುರ್ಚಿ ಮೇಜು ಲಾರಿ ಹತ್ತಿದವು, ಮೀನು ಹತ್ತಲಿಲ್ಲ. ಆಮೇಲೆ ಆಳು ಕಳಿಸುತ್ತೇವೆ ಎಂದು ಹೋದವರು ಹೋದರು. ಆವಲಪ್ಪ ಒಂದಷ್ಟು ದಿನ ಗೇಟಿನ ಕಡೆ ನೋಡಿದ. ಆಮೇಲೆ ತೊಟ್ಟಿಯನ್ನು ಜಗಲಿಯ ನೆರಳಿಗೆ ಸರಿಸಿ ತಾನೇ ಸಾಕತೊಡಗಿದ.

ಸಾಕುವುದೆಂದರೆ ಹೊಟ್ಟೆ ತುಂಬ ಹಾಕುವುದು ಎಂದು ತಿಳಿದವನು ಅವನು. ಅನ್ನದ ಅಗುಳು, ಬ್ರೆಡ್ಡಿನ ಚೂರು, ಒಮ್ಮೊಮ್ಮೆ ರಾಗಿ ಮುದ್ದೆಯ ತುಣುಕು ಕೂಡ ಹಾಕುತ್ತಿದ್ದ. ನೀರು ಹುಳಿತು ಬಿಳಿಚಿಕೊಂಡಿತು. ಮಳೆಗಾಲದ ಒಂದು ಬೆಳಿಗ್ಗೆ ಒಂದು ಮೀನಿನ ಬಾಲದ ಬುಡದಲ್ಲಿ ಹತ್ತಿಯ ಎಳೆಯಂಥ ಬಿಳಿ ಕಾಣಿಸಿತು. ಆವಲಪ್ಪ ನೋಡಿದವನೇ ಸುಣ್ಣಕಟ್ಟು ಎಂದುಕೊಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ರೇಷ್ಮೆಯವನ ಕಣ್ಣಿಗೆ ಬೆಳ್ಳಗಿರುವುದೆಲ್ಲ ಸುಣ್ಣಕಟ್ಟು. ಅವನ ಕೈಗೆ ಗೊತ್ತಿದ್ದ ಮದ್ದು ಒಂದೇ. ಮೀನನ್ನು ಎತ್ತಿ ಹೊಂಗೆ ಮರದ ಬುಡದಲ್ಲಿ ಹೂತು ಮೇಲೆ ಸುಣ್ಣ ಚೆಲ್ಲಿ ಬಂದ. ಹೂಳುವಾಗ ಅದರ ಕಿವಿರು ಇನ್ನೂ ಆಡುತ್ತಿತ್ತು. ಆ ದಿನ ಅವನು ಊಟ ಮಾಡಲಿಲ್ಲ.

ಎರಡನೆಯದಕ್ಕೂ ಅದೇ ಬಿಳಿ ಬಂದಾಗ ಅವನಿಂದ ಹೂಳುವುದಾಗಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ಡಾಕ್ಟರಿಗೆ, ಸುಣ್ಣಕಟ್ಟಿಗೆ ಏನಾದರೂ ಕೊಡಿ ಸ್ವಾಮಿ, ಮೀನಿಗೆ ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಡಾಕ್ಟರು ನಗುವಷ್ಟು ಪುರುಸೊತ್ತಿರುವವರಲ್ಲ, ಮುಂದಿನವರನ್ನು ಕರೆದರು. ಅಲ್ಲೇ ಬ್ಯಾಂಡೇಜು ಸುತ್ತುತ್ತಿದ್ದ ನರ್ಸಮ್ಮ ಮಾತ್ರ ನಗದೆ ಕೇಳಿಸಿಕೊಂಡರು.

ಆಕೆಯ ಹೆಸರು ಲಕ್ಷ್ಮಿದೇವಮ್ಮ. ಪೆರೇಸಂದ್ರದ ಹೊರಗೇರಿಯಲ್ಲಿ ಹುಟ್ಟಿ, ಸ್ಕಾಲರ್‌ಶಿಪ್ಪಿನ ಮೇಲೆ ಓದಿ, ಹೆರಿಗೆಯ ತರಬೇತಿ ಪಡೆದು ಸರ್ಕಾರಿ ಕೆಲಸಕ್ಕೆ ಬಂದವರು. ಅವರ ಜನದಲ್ಲಿ ಅಷ್ಟು ಓದಿದ ಗಂಡು ಸಿಗಲಿಲ್ಲ, ಓದದ ಗಂಡು ಇವರನ್ನು ಕೇಳಲು ಹೆದರಿದ. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ಶಿಡ್ಲಘಟ್ಟದ ದೊಡ್ಡ ಮನೆಗಳ ಮಕ್ಕಳೆಲ್ಲ ಆಕೆಯ ಕೈಯಲ್ಲೇ ಭೂಮಿಗೆ ಬಂದವು. ಹೆರಿಗೆಗೆ ಜಟಕಾ ಕಳಿಸಿ ಕರೆಸಿಕೊಳ್ಳುತ್ತಿದ್ದವರು ಆಕೆ ಹೋದ ಮೇಲೆ ಹೊಸ್ತಿಲು ತೊಳೆಯುತ್ತಿದ್ದರು. ಕಾಫಿ ಕೊಟ್ಟರೆ ಹಿತ್ತಲಲ್ಲಿ, ಅದಕ್ಕೆಂದೇ ಇಟ್ಟ ಲೋಟದಲ್ಲಿ. ಇದನ್ನು ನಾನು ಬರೆಯುತ್ತಿರುವುದು ಯಾರನ್ನೋ ಹಂಗಿಸಲಿಕ್ಕಲ್ಲ. ಹಾಗಿತ್ತು, ನಮ್ಮ ಕಣ್ಣೆದುರಿಗೇ ಇತ್ತು, ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ಆ ಸಾಯಂಕಾಲ ಆಕೆ ಬಂಗಲೆಗೆ ಬಂದರು. ಕೈಯಲ್ಲಿ ಒಂದು ಕಾಗದದ ಪೊಟ್ಟಣ. ಕಾಲರಾ ಬಂದಾಗ ಬಾವಿಗೆ ಹಾಕುತ್ತಾರಲ್ಲ, ನೀರನ್ನು ನೇರಳೆ ಮಾಡುವ ಹರಳು, ಆ ಪರ್ಮಾಂಗನೇಟು ಅದರಲ್ಲಿತ್ತು. ಅಡುಗೆ ಮನೆಯಿಂದ ಕಲ್ಲುಪ್ಪು ತರಿಸಿದರು. ಎನಾಮಲ್ ಬೇಸಿನ್ನಿಗೆ ಸೇದಿದ ನೀರು ಹಾಕಿ, ಹರಳಿನ ಒಂದು ಚೂರನ್ನು ಕದಡಿ, ನೀರು ತೆಳ್ಳಗೆ ಗುಲಾಬಿ ಬಣ್ಣಕ್ಕೆ ಬರುವಂತೆ ಮಾಡಿ, ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಅದರೊಳಗೆ ಬಿಟ್ಟರು. ಸ್ವಲ್ಪ ಹೊತ್ತಿಗೆ ತೆಗೆದು ಉಪ್ಪಿನ ನೀರಿಗೆ ಬಿಟ್ಟರು. "ಮೀನಿನ ವೈದ್ಯ ನಂಗೂ ಗೊತ್ತಿಲ್ಲ ಆವಲಪ್ಪನೋರೇ. ಗಾಯಕ್ಕೆ ಏನ್ ಮಾಡ್ತೀವೋ ಅದೇ ಮಾಡಣ. ಉಳಿದ್ರೆ ಉಳೀಲಿ," ಎಂದರು. ತೊಟ್ಟಿಯ ನೀರಿನ ವಾಸನೆ ನೋಡಿ, ಬಾಣಂತಿಗೂ ಹೀಗೆ ತುರುಕಿ ತುರುಕಿ ತಿನ್ನಿಸಿ ಕೊಲ್ಲುತ್ತಾರೆ ಎಂದು ಬೈದರು. ಅಷ್ಟಿಷ್ಟು ನೀರು ದಿನಾ ಬದಲಾಯಿಸಬೇಕು, ಚಿಟಿಕೆಗಿಂತ ಹೆಚ್ಚು ತಿಂಡಿ ಹಾಕಬಾರದು ಎಂದು ಕಟ್ಟುಮಾಡಿ ಹೋದರು.

ಮರುದಿನವೂ ಬಂದರು, ಅದರ ಮರುದಿನವೂ. ಬಿಳಿ ಎಳೆ ಉದುರಿಹೋಯಿತು. ಬಾಲದ ಒಂದು ಮೂಲೆ ಹರಿದಂತೆ ಉಳಿದದ್ದು ಬಿಟ್ಟರೆ ಮೀನು ಚೆನ್ನಾಯಿತು. ಅದು ಗಂಡು, ಉಳಿದ ಇನ್ನೊಂದು ಹೆಣ್ಣು. ಅದು ಆಗ ಯಾರಿಗೂ ತಿಳಿದಿರಲಿಲ್ಲ. ಆವಲಪ್ಪನಿಗೆ ತಿಳಿದದ್ದು ಇಷ್ಟೇ: ಸುಣ್ಣಕಟ್ಟು ಬಂದ ಜೀವವೊಂದು ತನ್ನ ಮನೆಯಲ್ಲಿ ಮೊದಲ ಬಾರಿಗೆ ಬದುಕಿದೆ. ಆಮೇಲೆ ನರ್ಸಮ್ಮ ಬರಲಿಲ್ಲ. ಬರಲು ಕಾರಣವೇನಿತ್ತು? ಮದುವೆಯಿಲ್ಲದ ಗಂಡಸು, ಮದುವೆಯಿಲ್ಲದ ಹೆಂಗಸು, ಅದೂ ಬೇರೆ ಬೇರೆ ಕೇರಿಯವರು. ರೋಗಿಯಿಲ್ಲದೆ ನರ್ಸು ಗೇಟು ದಾಟಿದರೆ ಊರು ಸುಮ್ಮನಿರುತ್ತಿತ್ತೇ?

ಮುಂದಿನ ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಅದೇ ಮೀನಿನ ಎರಡು ಕೆನ್ನೆಗಳ ಮೇಲೆ, ಕಿವಿರಿನ ಮುಚ್ಚಳದಲ್ಲಿ, ರವೆ ಉದುರಿಸಿದಂತೆ ಬಿಳಿ ಚುಕ್ಕಿಗಳೆದ್ದವು. ಆವಲಪ್ಪ ಓಡಿದ. ನರ್ಸಮ್ಮ ಬಂದರು, ಬೇಸಿನ್ನು ಬಂತು, ಉಪ್ಪು ಬಂತು. ರೋಗ ಹೆಣ್ಣಿಗೆ ಅಂಟದಿರಲಿ ಎಂದು ಈ ಸಲ ಗಂಡನ್ನು ಬೇರೆಯೇ ಇಟ್ಟರು. ಸಾಯಂಕಾಲ ಆಸ್ಪತ್ರೆ ಮುಗಿಸಿ ಆಕೆ ಬರುವುದು, ಜಗಲಿಯಲ್ಲಿ ಬೇಸಿನ್ನು ಮಧ್ಯೆ ಇಟ್ಟುಕೊಂಡು ಇಬ್ಬರೂ ಬಗ್ಗಿ ನೋಡುವುದು, ನೀರು ಬದಲಾಯಿಸುವುದು, ಹೊತ್ತು ಮುಳುಗುವ ಮೊದಲೇ ಆಕೆ ಹೋಗುವುದು. ಬೀದಿಗೆಲ್ಲ ಕಾಣುವಂತೆಯೇ ನಡೆಯುತ್ತಿತ್ತು. ಯುಗಾದಿಯ ಮೇಲೆ ಚುಕ್ಕಿಗಳು ಮಾಯವಾದವು. ಗೆದ್ದೆವು ಎಂದುಕೊಂಡ ಆವಲಪ್ಪ. ಅದರ ಮುಂದಿನ ವರ್ಷ ಅದೇ ಕಾಲಕ್ಕೆ ಚುಕ್ಕಿಗಳು ಮತ್ತೆ ಎದ್ದವು. ರೋಗದ ಬೀಜ ಮೈಯೊಳಗೇ ಉಳಿದಿದೆ, ವರ್ಷಕ್ಕೊಮ್ಮೆ ಮೊಳೆಯುತ್ತದೆ ಎಂದು ಅವನು ನನಗೆ ಹೇಳಿದ. ಹೇಳುವಾಗ ಮುಖದಲ್ಲಿ ದುಃಖವೇನೂ ಇರಲಿಲ್ಲ.

ಹೀಗೆ ವರ್ಷಗಳು ನಡೆದವು. ಉಳಿದ ತಿಂಗಳುಗಳಲ್ಲಿ ಅವನು ಬದುಕಿರುತ್ತಿದ್ದ, ಅಷ್ಟೇ. ಸಂಕ್ರಾಂತಿ ಮುಗಿದ ಕೂಡಲೇ ದಿನಾ ಬೆಳಿಗ್ಗೆ ಕನ್ನಡಕ ಏರಿಸಿಕೊಂಡು ಮೀನಿನ ಕೆನ್ನೆ ನೋಡುತ್ತಿದ್ದ. ಮೊದಲ ಚುಕ್ಕಿ ಕಂಡ ದಿನ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ತೊಟ್ಟು ಆಸ್ಪತ್ರೆಗೆ ಹೋಗುತ್ತಿದ್ದ. ಸಾಹೇಬರಿಗೆಂದು ಇಟ್ಟ ಪಿಂಗಾಣಿ ಬಟ್ಟಲಿನಲ್ಲಿ ಆಕೆಗೆ ಕಾಫಿ ಕೊಡುತ್ತಿದ್ದ. ಬೇಕೆಂದೇ ಕೊಡುತ್ತಿದ್ದನೋ, ಬಂಗಲೆಯಲ್ಲಿ ಬೇರೆ ಬಟ್ಟಲಿರಲಿಲ್ಲವೋ, ನಾನು ಕೇಳಲಿಲ್ಲ. ಮೊದಮೊದಲು ಮಾತೆಲ್ಲ ಮೀನಿನದೇ. ತಿಂತಾ, ಇಲ್ವಾ, ಚುಕ್ಕಿ ಹೆಚ್ಚಿತಾ, ಇಳೀತಾ. ಬರಬರುತ್ತ ಆಕೆ ತಾನು ಹೋಗಿಬಂದ ಹೆರಿಗೆಗಳ ಮಾತು ತೆಗೆದರು, ತೊಳೆದ ಹೊಸ್ತಿಲುಗಳ ಮಾತನ್ನೂ. ಒಂದು ಸಾಯಂಕಾಲ ಇವನು ತನ್ನ ಕೈಯ ಕಥೆ ಹೇಳಿದನಂತೆ. ಆಕೆ ಕೈ ತೋರಿಸಿ ಎಂದು ಹಿಡಿದು, ಆಚೆ ಈಚೆ ತಿರುಗಿಸಿ, ಆಸ್ಪತ್ರೆಯಲ್ಲಿ ನೋಡುವ ಹಾಗೇ ನೋಡಿದರಂತೆ. "ಕೈ ಚೆನ್ನಾಗೇ ಇದೆ. ಉಗುರು ಕತ್ತರಿಸ್ಕೊಳ್ಳಿ, ಅಷ್ಟೇ."

ಈ ಮಾತನ್ನು ಅವನು ನನಗೆ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಅವನ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ: ವರ್ಷಕ್ಕೊಂದು ಋತು ಆಕೆ ಆ ಜಗಲಿಗೆ ಬಂದು ಕೂರುವುದು. ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ಅವನಿಗೂ ಇರಲಿಲ್ಲ, ಆ ಕಾಲಕ್ಕೂ ಇರಲಿಲ್ಲ.

ಅರವತ್ತಮೂರರ ಬೇಸಿಗೆಯ ಮೊದಲಲ್ಲಿ ಮೀನಿನ ಇಲಾಖೆಯ ಒಬ್ಬ ಅಧಿಕಾರಿ ಬಂಗಲೆಗೆ ಬಂದು ಇಳಿದರು. ಸುತ್ತಲಿನ ಕೆರೆಗಳಿಗೆ ಮರಿ ಬಿಡುವ ಬಗ್ಗೆ ನೋಡಿಹೋಗಲು ಬಂದವರು. ಒಳ್ಳೆಯ ಮನುಷ್ಯ, ದೊಡ್ಡ ಹೊಟ್ಟೆ, ದೊಡ್ಡ ದನಿ. ಸಾಯಂಕಾಲ ಜಗಲಿಯಲ್ಲಿ ಊರಿನ ಇಬ್ಬರು ಕಂಟ್ರಾಕ್ಟರು, ರೆವಿನ್ಯೂ ಇನ್‌ಸ್ಪೆಕ್ಟರು, ಪೇಪರು ಓದಲು ಹೋಗಿದ್ದ ನಾನು ಎಲ್ಲ ಕೂತಿದ್ದೆವು. ಜಗಲಿಯ ಆ ತುದಿಯಲ್ಲಿ ನರ್ಸಮ್ಮ ಬೇಸಿನ್ನಿಗೆ ಉಪ್ಪು ಕದಡುತ್ತಿದ್ದರು. ಸಾಹೇಬರು ಏನದು ಎಂದು ಎದ್ದು ಹೋಗಿ ಬಗ್ಗಿದರು. ಆವಲಪ್ಪ ಹೆಮ್ಮೆಯಿಂದ, ಸುಣ್ಣಕಟ್ಟು ಸ್ವಾಮಿ, ವರ್ಷಾವರ್ಷಾ ಬರುತ್ತೆ, ನಾವು ವಾಸಿ ಮಾಡ್ತೀವಿ ಎಂದ.

ಸಾಹೇಬರು ನಕ್ಕ ನಗುವಿಗೆ ಹೊಂಗೆ ಮರದ ಕಾಗೆಗಳು ಎದ್ದವು. "ಅಲ್ಲಯ್ಯಾ, ಇದು ರೋಗ ಅಲ್ಲ. ಗಂಡು ಮೀನಿಗೆ ಪ್ರಾಯ ಬಂದಾಗ ಕಿವಿರಿನ ಮೇಲೆ ಹೀಗೆ ಬಿಳಿ ಮೊಡವೆ ಏಳುತ್ತೆ. ಹೆಣ್ಣಿನ ಹಿಂದೆ ಬೀಳೋ ಕಾಲ. ಅದು ಹೆಣ್ಣು ಬೇಕು ಅಂದಾಗಲೆಲ್ಲ ನೀವಿಬ್ರೂ ಸೇರ್ಕೊಂಡು ಉಪ್ಪುನೀರಲ್ಲಿ ಕೂರಿಸಿದೀರಲ್ಲಯ್ಯಾ."

ಎಲ್ಲರೂ ನಕ್ಕರು. 'ನೀವಿಬ್ರೂ ಸೇರ್ಕೊಂಡು' ಎಂಬುದನ್ನು ಒಬ್ಬ ಕಂಟ್ರಾಕ್ಟರು ಇನ್ನೊಮ್ಮೆ ಹೇಳಿ ನಕ್ಕ. ಸಾಹೇಬರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಮೀನು ಬಲ್ಲವರು ಮೀನಿನ ಮಾತು ಆಡಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನರ್ಸಮ್ಮ ಕೈ ಒರೆಸಿಕೊಂಡು ಎದ್ದರು, ತಿಳಿಸಿದ್ದು ಒಳ್ಳೆಯದಾಯಿತು ಸಾರ್ ಎಂದರು, ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಯಾವತ್ತಿನ ನಡಿಗೆಯಲ್ಲೇ ಗೇಟಿನವರೆಗೆ ಹೋದರು. ಆವಲಪ್ಪ ನೆಲ ನೋಡುತ್ತ ನಿಂತಿದ್ದ. ಅವನ ಕುತ್ತಿಗೆಯವರೆಗೂ ಕೆಂಪೇರಿತ್ತು.

ಒಂದು ವಾರದೊಳಗೆ ನಮ್ಮೂರಿಗೆ ಹೊಸ ಗಾದೆಯೊಂದು ಸಿಕ್ಕಿತು. ಯಾವ ಹುಡುಗ ಯಾವ ಬೀದಿಯಲ್ಲಿ ಸುಳಿದರೂ ಮೀನಿಗೆ ಔಷಧಿ ಹಾಕೋಕೆ ಹೋಗ್ತಿದ್ದಾನೆ ಎನ್ನುವರು. ನೂಲು ಬಿಚ್ಚುವ ಕಡೆ, ಗೂಡಿನ ಮಾರುಕಟ್ಟೆಯಲ್ಲಿ, ಹೋಟೆಲಿನಲ್ಲಿ ಅದೇ ಮಾತು. ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಬ್ಬರು ಅಂದಾಗ ನಾನು ಪುಸ್ತಕ ಎಸೆದು ಎದ್ದುಬಂದೆ. ಅದರಿಂದ ಗಾದೆಯೇನೂ ನಿಲ್ಲಲಿಲ್ಲ. ನರ್ಸಮ್ಮನಂತೂ ಕೇಳಿಯೂ ಕೇಳದವರಂತೆ ಓಡಾಡಿದರು. ಆಕೆಗೆ ಊರಿನ ನಾಲಿಗೆ ಹೊಸದಲ್ಲ. ಹೊಸದಾಗಿದ್ದದ್ದು ಆವಲಪ್ಪನಿಗೆ. ಆಸ್ಪತ್ರೆಯ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟು ಸಂತೆಗೆ ಸುತ್ತುದಾರಿ ಹಿಡಿದ.

ಮುಂದಿನ ಶಿವರಾತ್ರಿಯೂ ಬಂತು. ಗಂಡಿನ ಕೆನ್ನೆಯಲ್ಲಿ ಚುಕ್ಕಿ ಎದ್ದಿತು. ಈ ಸಲ ಬೇಸಿನ್ನು ಹೊರಗೆ ಬರಲಿಲ್ಲ. ಹೆಣ್ಣು ಮೊಟ್ಟೆಯಿಡಲು ತೊಟ್ಟಿಯಲ್ಲಿ ಪಾಚಿ ಗಿಡವಿರಬೇಕು ಎಂದು ಸಾಹೇಬರು ಹೋಗುವಾಗ ಹೇಳಿದ್ದರು. ಆವಲಪ್ಪ ಕೆರೆಗೆ ಹೋಗಿ ಒಂದು ಹಿಡಿ ಜೊಂಡು ಪಾಚಿ ತಂದು ತೊಟ್ಟಿಗೆ ಬಿಟ್ಟ. ಇಷ್ಟು ವರ್ಷ ಬೇರೆ ಮಾಡಿದ ಪಾಪಕ್ಕೆ ಅವೆರಡಾದರೂ ಸಂಸಾರ ಮಾಡಲಿ ಎಂದು ನನ್ನ ಹತ್ತಿರ ಅಂದ. ಕೆರೆಯ ಪಾಚಿಯ ಜೊತೆ ಏನೇನು ಬರುತ್ತದೆ ಎಂಬುದು ನಮಗೆ ಯಾರಿಗೆ ಗೊತ್ತಿತ್ತು?

ಸ್ವಲ್ಪ ದಿನಕ್ಕೆ ಚುಕ್ಕಿಗಳು ಕೆನ್ನೆ ದಾಟಿ ಬೆನ್ನಿಗೆ ಬಂದವು, ರೆಕ್ಕೆಗೆ ಬಂದವು, ಬಾಲಕ್ಕೆ ಬಂದವು. ಆಮೇಲೆ ಹೆಣ್ಣಿನ ಮೈಮೇಲೂ. ರೇಷ್ಮೆಯವರು ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಹಣ್ಣಾಗಿದೆ ಎನ್ನುತ್ತಾರೆ. ಆವಲಪ್ಪನೂ ಎರಡೂ ಹಣ್ಣಾಗಿವೆ ಎಂದೇ ತಿಳಿದ. ಪ್ರಾಯದ ಗುರುತನ್ನು ಬಗ್ಗಿ ಬಗ್ಗಿ ನೋಡುವುದಕ್ಕೆ ಈಗ ಅವನಿಗೆ ನಾಚಿಕೆ. ತೊಟ್ಟಿಯ ಮೇಲೆ ಒಂದು ಹಳೆಯ ಪಂಚೆ ಇಳಿಬಿಟ್ಟು, ಒಂದು ಮೂಲೆ ಎತ್ತಿ, ಒಳಗೆ ನೋಡದೆಯೇ ಚಿಟಿಕೆ ತಿಂಡಿ ಉದುರಿಸುತ್ತಿದ್ದ. ಮೀನು ಕಲ್ಲಿಗೆ ಮೈ ತಿಕ್ಕುತ್ತಿದ್ದದ್ದಾಗಲಿ, ಹಾಕಿದ್ದು ಹಾಗೇ ತಳದಲ್ಲಿ ಕೊಳೆಯುತ್ತಿದ್ದದ್ದಾಗಲಿ ಅವನ ಕಣ್ಣಿಗೆ ಬೀಳಲಿಲ್ಲ. ಹೆಣ್ಣು ಸತ್ತು ತೇಲಿದ ದಿನ ಹೆದರಿದ. ಆದರೂ ಆಸ್ಪತ್ರೆಗೆ ಹೋಗಲಿಲ್ಲ. ಮತ್ತೆ ಮೀನಿನ ನೆಪ ಹಿಡಿದು ಹೋದರೆ ಆಕೆಯ ಮಾನ ಏನಾದೀತು ಎಂದು ತನ್ನೊಳಗೇ ಬೇಯುತ್ತ ಕೂತ.

ಸುದ್ದಿ ಒಯ್ದವಳು ಮುನಿಗಂಗಮ್ಮ. ಅವಳು ಬಂಗಲೆಯನ್ನೂ ಗುಡಿಸುತ್ತಿದ್ದಳು, ಆಸ್ಪತ್ರೆಯನ್ನೂ ಗುಡಿಸುತ್ತಿದ್ದಳು. ಹೆಣ್ಣು ಹೋಯಿತು, ಗಂಡು ನೀರಿನ ಮೇಲೆ ಬಾಯಿ ಬಿಡುತ್ತಿದೆ ಎಂದು ನರ್ಸಮ್ಮನಿಗೆ ಹೇಳಿದಳು. ಆಕೆ ಮಧ್ಯಾಹ್ನದ ಸುಡು ಬಿಸಿಲಿನಲ್ಲಿ, ಬೀದಿಯಲ್ಲಿ ಎಲ್ಲರೂ ನೋಡುತ್ತಿರುವಾಗಲೇ, ಸರಸರ ನಡೆದು ಬಂದರು. ಗೇಟು ತೆಗೆದ ಸದ್ದಿಗೆ ನಾನು ಕಿಟಕಿಗೆ ಬಂದೆ. ಅಲ್ಲಿಂದ ಕಂಡದ್ದು ಇಷ್ಟು: ಆಕೆ ಪಂಚೆ ಕಿತ್ತೆಸೆದರು, ಬಿಸಿನೀರು ತರಿಸಿ ಬೇಸಿನ್ನಿನ ನೀರನ್ನು ಉಗುರುಬೆಚ್ಚಗೆ ಮಾಡಿದರು, ಉಪ್ಪು ಕದಡಿದರು, ಮೀನನ್ನು ಎತ್ತಿ ಬಿಟ್ಟು ಅಂಗೈಯಿಂದ ನೀರನ್ನು ಅದರ ಬಾಯಿಯ ಕಡೆಗೆ ತಳ್ಳುತ್ತ ಕೂತರು. ಬಹಳ ಹೊತ್ತು ಕೂತರು. ಆಮೇಲೆ ಕೈ ತೆಗೆದರು. ಅಲ್ಲಿ ಆಡಿದ ಮಾತು ನನಗೆ ಕೇಳಿಸಲಿಲ್ಲ.

ಅದೇ ವರ್ಷ ನರ್ಸಮ್ಮನಿಗೆ ಗೌರಿಬಿದನೂರಿಗೆ ವರ್ಗವಾಯಿತು. ಕೇಳಿಕೊಂಡು ಮಾಡಿಸಿಕೊಂಡರೋ, ತಾನಾಗಿ ಬಂತೋ, ನನಗೆ ತಿಳಿಯಲಿಲ್ಲ. ಬಸ್ಸು ಹತ್ತಿಸಲು ಮುನಿಗಂಗಮ್ಮ ಒಬ್ಬಳೇ ಹೋಗಿದ್ದಳು. ಇಡೀ ಊರಿಗೆ ಸೂಲಗಿತ್ತಿಯಾಗಿದ್ದವರಿಗೆ ಒಂದು ಹಾರ ಹಾಕುವ ಬುದ್ಧಿ ನಮಗೆ ಬರಲಿಲ್ಲ.

ಮರುವರ್ಷ ನನಗೂ ಚಿಕ್ಕಬಳ್ಳಾಪುರಕ್ಕೆ ವರ್ಗ. ಹೊರಡುವ ಹಿಂದಿನ ದಿನ ಆವಲಪ್ಪ ನನ್ನನ್ನು ಊಟಕ್ಕೆ ಕರೆದ. ತೊಟ್ಟಿಯನ್ನು ಅವನು ಯಾರಿಗೋ ಕೊಟ್ಟುಬಿಟ್ಟಿದ್ದ. ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುವಾಗ ತಾನೇ ಆ ದಿನದ ಮಾತು ಎತ್ತಿದ.

ಮೀನು ಸತ್ತ ಮೇಲೆ ಆಕೆ ಕೈ ತೊಳೆದುಕೊಂಡು, ಇದು ನಿಜವಾದ ಕಾಯಿಲೆಯಾಗಿತ್ತು, ಮೊದಲೇ ಹೇಳಿಕಳಿಸಬೇಕಾಗಿತ್ತು ಎಂದರಂತೆ. ಕಾಯಿಲೆ ಅಲ್ಲ ಅಂದುಕೊಂಡೆ ಅಮ್ಮಾ, ಅದಕ್ಕೇ ಕರೆಯಲಿಲ್ಲ ಎಂದನಂತೆ ಇವನು. ಆಗ ಆಕೆ ಇವನ ಮುಖವನ್ನೇ ನೋಡುತ್ತ ಹೇಳಿದರಂತೆ: "ಕಾಯಿಲೆ ಇಲ್ದಾಗ್ಲೂ ಅಷ್ಟು ವರ್ಷ ಕರೆದ್ರಲ್ಲ. ನಾನು ಬರ್ಲಿಲ್ವಾ?"

ಇವನಿಗೆ ಅರ್ಥವಾಗಲಿಲ್ಲ. ಆಕೆಯೇ ಬಿಡಿಸಿ ಹೇಳಿದರು. "ಕಾಯಿಲೆ ಬಿದ್ದ ಮೀನು ಕೈಯಿಂದ ಕಿತ್ಕೊಂಡು ತಿಂತದಾ? ಅದು ಯಾತರ ಚುಕ್ಕೀಂತ ನಂಗೆ ಗೊತ್ತಿರ್ಲಿಲ್ಲ. ಕಾಯಿಲೆ ಅಲ್ಲಾಂತ ಮೊದಲ್ನೇ ವರ್ಷಾನೇ ಗೊತ್ತಿತ್ತು."

ಇಷ್ಟು ಹೇಳಿ ಆಕೆ ಅಲ್ಲೇ ನಿಂತಿದ್ದರಂತೆ, ಸ್ವಲ್ಪ ಹೊತ್ತು. ಇವನು ಏನಾದರೂ ಅನ್ನಬೇಕಲ್ಲ ಎಂದು, "ಇನ್ನು ಮೀನಿಲ್ವಲ್ಲಮ್ಮಾ" ಎಂದ. ಹೌದು, ಇಲ್ಲ ಎಂದರಂತೆ ಆಕೆ. ಎಂದು ಹೊರಟುಹೋದರು.

ಕೇಳಿ ನನಗೆ ಅಳು ಬರುವ ಬದಲು ಕೋಪ ಬಂತು. ನನ್ನ ಸ್ವಭಾವವೇ ಹಾಗೆ, ಸಂಕಟವಾದರೆ ರೇಗುತ್ತೇನೆ. ಎಲೆಯಡಿಕೆ ಉಗಿದು ಬಂದು, ನಿನ್ನಂಥ ದಡ್ಡನನ್ನು ನಾನು ಕಂಡಿಲ್ಲ ಎಂದೆ. ಅವನು ಬೇಸರಪಟ್ಟುಕೊಳ್ಳಲಿಲ್ಲ. ಪಾಠ ಕೇಳುವ ಹುಡುಗನಂತೆ ನನ್ನನ್ನು ನೋಡಿದ.

"ಏನನ್ಬೇಕಾಗಿತ್ತು ಮೇಷ್ಟ್ರೇ?"

ಅವನು ನಿಜವಾಗಿಯೂ ಕೇಳುತ್ತಿದ್ದ. ಇಷ್ಟು ದಿನ ಅದನ್ನೇ ಯೋಚಿಸಿ, ಉತ್ತರ ಸಿಗದೆ, ಓದಿದವನೊಬ್ಬ ಊರು ಬಿಡುವ ಮೊದಲು ಕೇಳಿಬಿಡೋಣ ಎಂದು ನನ್ನನ್ನು ಊಟಕ್ಕೆ ಕರೆದಿದ್ದ.

"ಕೂತ್ಕೊಳ್ಳಿ, ಕಾಫಿ ತರ್ತೀನಿ ಅನ್ಬೇಕಾಗಿತ್ತು ಕಣಪ್ಪ," ಎಂದೆ.

ಆವಲಪ್ಪ "ಅಷ್ಟೇನಾ?" ಎಂದ.